ಬಟ್ಟೆ ನಷ್ಟ

ನಮ್ಮ ಉಡುಪು ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ನೋಡುವವಳು ನಾನು. ಕೋರ್ಟಿನ ಆದೇಶವನ್ನು ಒಡೆದು ಓದಿದವಳೂ ನಾನೇ. ಕಟಿಂಗ್ ಮಾಸ್ಟರ್ ಸಂಬಳ ಜಪ್ತಿಯಾಗಿತ್ತು. ಮೂರರಲ್ಲಿ ಒಂದು ಪಾಲನ್ನು ನಾವೇ ಹಿಡಿದು, ಸಾಲ ತೀರುವವರೆಗೆ ತಿಂಗಳು ತಿಂಗಳೂ ಕೋರ್ಟಿಗೆ ಕಟ್ಟಬೇಕು. ಅವರ ಒಪ್ಪಿಗೆ ಯಾರಿಗೂ ಬೇಕಿಲ್ಲ. ಹಿಡಿಯದೆ ಬಿಟ್ಟರೆ ಕಂಪನಿಯೇ ಕೈಯಿಂದ ಕೊಡಬೇಕು. ಉಳಿದ ಎರಡು ಪಾಲನ್ನು ಮುಟ್ಟುವಂತಿಲ್ಲ. ಮನುಷ್ಯ ಬದುಕಬೇಕಲ್ಲ, ಕಾನೂನು ಅಷ್ಟು ದಯೆ ತೋರಿಸಿತ್ತು. ಆ ದಯೆ ಕಂಡು ನನಗೆ ಮೈಯೆಲ್ಲ ಉರಿಯಿತು.

ಏಕೆಂದರೆ ಮಾಸ್ಟರ್ ಯಾರ ಹತ್ತಿರವೂ ಕೈಚಾಚಿದವರಲ್ಲ. ಹೆಂಡತಿಯ ತಮ್ಮ ವ್ಯಾಪಾರಕ್ಕೆಂದು ಸಾಲ ತೆಗೆದಾಗ ಜಾಮೀನು ಹಾಕಿದ್ದರು, ಅಷ್ಟೆ. ಆ ಪುಣ್ಯಾತ್ಮ ಎರಡು ಕಂತು ಕಟ್ಟಿ ಊರು ಬಿಟ್ಟ. ಅಕ್ಕನಿಗೋ ಅವನೆಂದರೆ ಪ್ರಾಣ, ಎತ್ತಿ ಆಡಿಸಿ ಬೆಳೆಸಿದವರು. ದೂರದಲ್ಲೆಲ್ಲೋ ದೊಡ್ಡ ಕೆಲಸದಲ್ಲಿದ್ದಾನೆ ಎಂದೇ ನಂಬಿದ್ದರು. ಮನೆಗೆ ಬಂದ ನೋಟೀಸುಗಳನ್ನು ಮಾಸ್ಟರ್ ಅವರಿಗೆ ಕಾಣದಂತೆ ಬಚ್ಚಿಟ್ಟಿದ್ದರು.

"ಅವಳಿಗೆ ಗೊತ್ತಾಗ್ಬಾರ್ದು ಮೇಡಂ. ಸಂಬಳದ ಚೀಟಿ ಪ್ರತಿ ತಿಂಗಳೂ ಅವಳೇ ಓದೋದು."

"ಹಿಡಿದಿದ್ದು ಯಾಕೆ ಅಂತ ಬರೀಲೇಬೇಕಲ್ಲ ಮಾಸ್ಟರ್?"

"ಬೇರೆ ಏನಾದ್ರೂ ಬರೀರಿ."

ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ. ಕೋರ್ಟಿನ ಕಾಗದ ಸರಿಯಾಗಿಯೇ ಇಟ್ಟೆ, ಮನೆಗೆ ಹೋಗುವ ಚೀಟಿಯಲ್ಲಿ ಮಾತ್ರ 'ಬಟ್ಟೆ ನಷ್ಟ' ಎಂದು ಬರೆದೆ. ತಪ್ಪು ಕತ್ತರಿಸಿ ಬಟ್ಟೆ ಹಾಳು ಮಾಡಿದವರಿಂದ ಹಿಡಿಯುವ ದಂಡ ಅದು. ಮೂವತ್ತು ವರ್ಷದಲ್ಲಿ ಮಾಸ್ಟರ್ ಹೆಸರಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಅವರು ಓದಿ, ಮಡಿಸಿ ಜೇಬಿಗಿಟ್ಟುಕೊಂಡರು.

ನಾಲ್ಕನೇ ತಿಂಗಳು ಅವರ ಹೆಂಡತಿ ಬಂದರು. ಸೀದಾ ಹೋಗಿ, ಜಪ್ತಿಯ ವಿಷಯ ಗೊತ್ತಿಲ್ಲದ ಹೊಸ ಮ್ಯಾನೇಜರ್ ಮುಂದೆ ನಿಂತರು. ನಾನು ಪಕ್ಕದ ಮೇಜಿನಲ್ಲೇ ಇದ್ದೆ.

"ನಮ್ಮನೆಯವರಿಗೆ ಕಣ್ಣು ಮಂಜಾಗಿದೆ ಸಾರ್. ಹೇಳ್ಕೊಳ್ಳೋಕೆ ನಾಚಿಕೆ. ತಿಂಗಳು ತಿಂಗಳೂ ದಂಡ ಕಟ್ತಿದಾರೆ. ಕೈ ಕತ್ತರಿಸ್ಕೊಳ್ಳೋಕೆ ಮುಂಚೆ ಬೇರೆ ಕೆಲಸ ಕೊಡಿ," ಎಂದು ಅತ್ತುಬಿಟ್ಟರು.

ಮ್ಯಾನೇಜರ್ ಮಾಸ್ಟರನ್ನು ಕರೆಸಿ ನಿಜವೇ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ಟರ್ ನನ್ನ ಕಡೆ ನೋಡಿ ತಲೆಯಾಡಿಸಿದರು, ಬೇಡ ಎಂದು.

"ಹೌದು ಸಾರ್. ಬಟ್ಟೆ ಮೇಲಿನ ಸೀಮೆಸುಣ್ಣದ ಗೆರೆ ಸರಿಯಾಗಿ ಕಾಣಲ್ಲ."

ಮರುದಿನದಿಂದ ಅವರು ಪ್ಯಾಕಿಂಗಿಗೆ ಬಂದರು. ಸಂಬಳ ಇಳಿಯಿತು. ಕೋರ್ಟಿಗೆ ಹೋಗುವ ಮೂರರಲ್ಲಿ ಒಂದು ಪಾಲೂ ಇಳಿದದ್ದರಿಂದ ಸಾಲ ತೀರುವ ದಿನ ಇನ್ನಷ್ಟು ದೂರ ಹೋಯಿತು. ಅವರ ಕತ್ತರಿಯನ್ನು ನಿನ್ನೆ ಮೊನ್ನೆ ಬಂದವನೊಬ್ಬ ಹಿಡಿದ. ಅದನ್ನು ನೋಡಲಾರದೆ ನಾನು ಕಟಿಂಗ್ ಹಾಲಿನ ದಾರಿಯನ್ನೇ ಬಿಟ್ಟೆ.

ಸಂಬಳದ ದಿನ ಕೇಳಿಯೇಬಿಟ್ಟೆ. "ಪ್ಯಾಕಿಂಗಲ್ಲಿ ಬಟ್ಟೆ ಹಾಳಾಗಲ್ಲ. ಈಗ ಏನು ಬರೀಲಿ? ಮನೇಲಿ ಹೇಳ್ಬಿಡಿ ಮಾಸ್ಟರ್."

"ಹಳೇ ದಂಡದ ಬಾಕಿ ಅಂತ ಬರೀರಿ," ಎಂದರು. "ನನ್ನ ಕಣ್ಣಿಗೋಸ್ಕರ ಅವಳು ಅತ್ತಾಯ್ತು. ಅದು ಹೇಗೋ ತಡ್ಕೊಂಡ್ಲು. ತಮ್ಮ ಹೀಗೆ ಅಂತ ಗೊತ್ತಾದ್ರೆ ತಡ್ಕೊಳ್ಳಲ್ಲ."

ಬರೆದು ಕೊಟ್ಟೆ. ಅವರ ಮೂಗಿನ ಮೇಲೆ, ಹೆಂಡತಿ ಬೀದಿಬದಿಯಲ್ಲಿ ಕೊಡಿಸಿದ ದಪ್ಪ ಕನ್ನಡಕವಿತ್ತು. ಚೀಟಿ ಓದಲು ಅದನ್ನು ಹಣೆಗೇರಿಸಿಕೊಂಡರು. ಓದಿಯಾದ ಮೇಲೆ ಮತ್ತೆ ಇಳಿಸಿಕೊಂಡು, ಅದರಲ್ಲಿ ಮೆಟ್ಟಿಲು ಕಾಣದೆ ಗೋಡೆ ಹಿಡಿದು ಇಳಿದು ಮನೆಗೆ ಹೊರಟರು.