ಸಣ್ಣಮ್ಮನ ಊಟದ ಹೊತ್ತು

ಆ ವಾರವೆಲ್ಲ ಸಣ್ಣಮ್ಮ ನಿಂತುಕೊಂಡೇ ಉಂಡಳು. ಒಂದು ತುತ್ತು ಬಾಯಿಗೆ, ಮತ್ತೆ ಟ್ರೇ ಕೈಗೆ. ಚೆನ್ನೈನ ಪೆರುಂಗುಡಿಯಲ್ಲಿದ್ದ ನಮ್ಮ ಆಫೀಸಿನ ಐವತ್ತು ಜನಕ್ಕೆ ಕಾಫಿ ಕೊಡುವವಳು ಹೊಸೂರು ಕಡೆಯ ಅವಳೊಬ್ಬಳೇ.

ಇದಕ್ಕೆಲ್ಲ ಕಾರಣ ವಿಕಿ. ೨೦೦೬ರಲ್ಲಿ ಮ್ಯಾನೇಜರ್ ಪದ್ಮನಾಭ ತಂದ ಹೊಸ ಸಾಫ್ಟ್‌ವೇರ್ ಅದು. ಕಂಪ್ಯೂಟರಿನಲ್ಲಿ ಕೆಲಸದ ಪಟ್ಟಿಯನ್ನು ಯಾರು ಬೇಕಾದರೂ ತಿದ್ದಬಹುದು.

"ಇನ್ಮೇಲೆ ಇಲ್ಲಿ ಬಾಸೇ ಇಲ್ಲ. ನಿಮ್ ಕೆಲ್ಸ ನೀವೇ ಹಂಚ್ಕೊಳ್ಳಿ" ಎಂದು ಭಾಷಣ ಬಿಗಿದ.

ಅತ್ತೆಯ ಒಡವೆ ಅಳಿಯ ದಾನ ಮಾಡಿದ ಹಾಗೆ ನಾವು ಸಣ್ಣಮ್ಮನ ಹೊತ್ತನ್ನು ಹಂಚಿಕೊಂಡೆವು. ಒಬ್ಬರು ಅವಳ ಹೆಸರಿನ ಮುಂದೆ ಗಿಡಕ್ಕೆ ನೀರು ಎಂದು ಸೇರಿಸಿದರು, ಇನ್ನೊಬ್ಬರು ಪ್ರಿಂಟರಿಗೆ ಕಾಗದ. ಅಮಿತ್ ಎಂಬ ಮಹಾಶಯ ತನ್ನ ಹೆಲ್ಮೆಟ್ ಒರೆಸುವುದನ್ನೂ ಸೇರಿಸಿದ. ಮಧ್ಯಾಹ್ನ ಒಂದರಿಂದ ಎರಡು ಖಾಲಿ ಕಂಡಿತು, ಅದನ್ನೂ ತುಂಬಿದೆವು. ನಾಚಿಕೆಗೇಡು, ನಾನೂ ಒಂದು ಸಾಲು ಬರೆದಿದ್ದೆ.

ಕೊನೆಗೆ ಸಣ್ಣಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಉಷಮ್ಮಾ, ನನ್ ಊಟದ ಹೊತ್ತು ತಿಂದೋನು ಯಾವನು?"

"ಒಬ್ರಲ್ಲ ಸಣ್ಣಮ್ಮಕ್ಕ. ಎಲ್ರೂ ಸೇರಿ ತಿಂದ್ವಿ."

"ಎಲ್ರೂ ಬರೀಬೋದು ಅಂದವ್ರಲ್ಲ, ನಾನೂ ಬರೀತೀನಿ. ನಾನ್ ಹೇಳ್ತೀನಿ, ನೀನ್ ಒತ್ತು."

ಅವಳು ಹೇಳಿದಳು, ನಾನು ಇಂಗ್ಲಿಷಿನಲ್ಲಿ ಒತ್ತಿದೆ: ಒಂದರಿಂದ ಎರಡು, ಸಣ್ಣಮ್ಮನ ಊಟ. ಆ ಹೊತ್ತಿನಲ್ಲಿ ಲೋಟ ತೊಳೆಯುವುದು, ಪದ್ಮನಾಭ.

"ಅಯ್ಯೋ, ಸಾರ್ ಹೆಸ್ರಾ?" ಎಂದೆ.

"ಬಾಸ್ ಇಲ್ಲ ಅಂದೋರು ಅವ್ರೇ ತಾನೆ?"

ಪದ್ಮನಾಭ ಅದನ್ನು ಅಳಿಸಿದ. ನಾನು ಮತ್ತೆ ಬರೆದೆ. ಅವನು ಮತ್ತೆ ಅಳಿಸಿದ. ಈ ಸಲ ಬರೆದವನು ಅಮಿತ್! ಸಂಜೆಯೊಳಗೆ ಇಡೀ ಹಾಲ್ ಅದನ್ನೇ ಬರೆಯುತ್ತಿತ್ತು. ಯಾರೂ ಯಾರನ್ನೂ ಕರೆದಿರಲಿಲ್ಲ, ನಾಯಕನೂ ಇರಲಿಲ್ಲ. ಒಂದು ಬೆರಳಿನಿಂದ ಐವತ್ತು ಜನರ ಸಾಲನ್ನು ಎಷ್ಟೆಂದು ಅಳಿಸಿಯಾನು? ಸುಸ್ತಾಗಿ ಮನೆಗೆ ಹೋದ.

ಮರುದಿನ ಮಧ್ಯಾಹ್ನ ಅಡ್ಯಾರಿನಿಂದ ಆಡಿಟರ್ ವಾಸಂತಿ ಬಂದರು. ಕಂಪನಿಗೆ ಗುಣಮಟ್ಟದ ಸರ್ಟಿಫಿಕೇಟ್ ಕೊಡುವವರು. ಬರೆದದ್ದನ್ನು ಮಾಡುತ್ತಾರೋ ಇಲ್ಲವೋ, ಅವರು ನೋಡುವುದು ಅಷ್ಟೇ. ಪಟ್ಟಿ ಓದಿದರು, ಗಡಿಯಾರ ನೋಡಿದರು.

"ಒಂದು ಗಂಟೆ ಆಯ್ತು. ಪದ್ಮನಾಭ ಯಾರು?"

ಅವನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. "ಅದು ಸುಮ್ಮಾ ತಮಾಷೆಗೆ, ಮೇಡಂ..."

"ಪಟ್ಟಿ ತಮಾಷೆ ಆದ್ರೆ ಸರ್ಟಿಫಿಕೇಟೂ ತಮಾಷೆನೇ."

ಪದ್ಮನಾಭ ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಸಿಂಕಿನ ಮುಂದೆ ನಿಂತ. ಐವತ್ತು ಲೋಟ. ವಾಸಂತಿ ಒಂದೊಂದಕ್ಕೂ ಟಿಕ್ ಹಾಕಿದರು. ನಮಗಾದ ಸಂತೋಷ ಹೇಳತೀರದು.

ಸಣ್ಣಮ್ಮ ಅವನ ಕುರ್ಚಿಯನ್ನೇ ಎಳೆದು ತಂದು ಕೂತಳು. ಡಬ್ಬಿ ಬಿಚ್ಚಿ ಹುಳಿ ಅನ್ನ ಕಲಸಿದಳು. ಎರಡು ತುತ್ತು ಉಂಡ ಮೇಲೆ ತಲೆಯೆತ್ತಿದಳು.

"ಸಾರ್, ತಳದಾಗೆ ಕರೆ ಐತೆ. ಇನ್ನೊಂದ್ ಸಲ ಉಜ್ಜಿ."