ನಡುವೆ ಬಿದ್ದುಹೋದ ಮಾತು

ನ್ಯಾಯಾಲಯದ ಜವಾನರು ಅವನಿಗೆ ಇಟ್ಟಿದ್ದ ಹೆಸರು ರೈಲು ವಕೀಲ. ಒಂದು ಪ್ರಶ್ನೆಗೆ ಬಾಯಿ ತೆರೆದರೆ ಡಬ್ಬಿಯ ಹಿಂದೆ ಡಬ್ಬಿ ಬರುತ್ತಲೇ ಇರುತ್ತಿತ್ತು. ಸಾಕ್ಷಿಗೆ ನ್ಯಾಯಾಲಯದ ಭಾಷೆ ಬಾರದಿದ್ದರಂತೂ ಅವನಿಗೆ ಸುಗ್ಗಿ.

ದುಭಾಷಿ ಹೆಂಗಸಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿ. ಹನ್ನೆರಡು ವರ್ಷ ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸಿದವಳು ಅವಳು. ಕೈಯಲ್ಲಿ ಸಣ್ಣ ನೋಟ್‌ಬುಕ್ಕಿದ್ದರೆ ಎಂಥ ಮಾತೂ ತಪ್ಪುತ್ತಿರಲಿಲ್ಲ. ಈ ಮೊಕದ್ದಮೆಯ ಮೊದಲ ದಿನವೇ ಅವನು, "ಗುಟ್ಟಿನ ಕಾಗದಪತ್ರ ಇವೆ ಸ್ವಾಮಿ, ಈಯಮ್ಮ ಏನೇನೋ ಬರ್ಕೊಂಡು ಹೋಗೋದು ಬೇಡ" ಎಂದು ಅದನ್ನು ಕಿತ್ತಿಡಿಸಿದ್ದ.

ಸಾಕ್ಷಿ ಹೇಳುತ್ತಿದ್ದವಳು ಬಟ್ಟೆ ಒಗೆಯುವ ಕಾರ್ಖಾನೆಯ ಕೆಲಸದಾಕೆ. ಇಸ್ತ್ರಿ ಉರುಳೆಗಳ ನಡುವೆ ಸಿಕ್ಕಿ ಅವಳ ಬಲಗೈಯ ಮೂರು ಬೆರಳು ಹೋಗಿದ್ದವು. ವಕೀಲ ಕಾರ್ಖಾನೆಯ ಪರ.

ಸೋಮವಾರ ಅವನು ಒಂದೇ ಉಸಿರಿಗೆ ಕೇಳಿದ: "ಅವತ್ತು ಬೆಳಿಗ್ಗೆ ಎಂಟಕ್ಕೆ ಬಂದು, ಕೈಗವಸು ಹಾಕ್ಕೊಂಡು, ಸೂಪರ್‌ವೈಸರ್ ಬೇಡ ಅಂದ್ರೂ, ಮಷೀನ್ ನಿಲ್ಲಿಸ್ದೆ, ಸಿಕ್ಕಿಕೊಂಡಿದ್ದ ಹಾಸುಬಟ್ಟೇನ ನೀವೇ ಎಳೆದ್ರಿ, ಹೌದೋ ಅಲ್ವೋ?"

ದುಭಾಷಿ ದಾಟಿಸಿದಳು. ಕೆಲಸದಾಕೆ "ಹೌದು" ಎಂದಳು. ನ್ಯಾಯಾಲಯದ ಗುಮಾಸ್ತ ಬರೆದುಕೊಂಡದ್ದೂ ಹೌದು ಎಂದೇ.

ಹೊರಗೆ ಮೊಗಸಾಲೆಯಲ್ಲಿ ಕೆಲಸದಾಕೆಯ ಮಗಳು ಅಡ್ಡ ಬಂದು ನಿಂತಳು. ಅವಳಿಗೆ ಎರಡು ಭಾಷೆಯೂ ಬರುತ್ತಿತ್ತು. "ಸೂಪರ್‌ವೈಸರ್ ಬೇಡ ಅಂದ ಅನ್ನೋದನ್ನ ಅಮ್ಮನಿಗೆ ನೀವು ಹೇಳ್ಲೇ ಇಲ್ಲ. ಎಷ್ಟು ತಿಂದ್ರಿ ಅವನ ಹತ್ರ?"

"ನಾಲಿಗೆ ಬಿಗಿ ಹಿಡಿದು ಮಾತಾಡು. ನಾನು ಹೇಳಿದೀನಿ."

ಹಾಗೆಂದು ದುಭಾಷಿ ದುಡುದುಡು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಕುಳಿತು ಪ್ರಶ್ನೆಯನ್ನು ಮತ್ತೆ ಜೋಡಿಸಲು ನೋಡಿದಳು. ಎಂಟು ಗಂಟೆ ಬಂತು, ಕೈಗವಸು ಬಂತು, ಹಾಸುಬಟ್ಟೆ ಬಂತು. ನಡುವೆ ಖಾಲಿ. ಮರೆತದ್ದಾದರೆ ತಲೆಯ ಯಾವುದೋ ಮೂಲೆಯಲ್ಲಿ ಸಿಗಬೇಕಿತ್ತು. ಇದು ಒಳಗೆ ಇಳಿದೇ ಇರಲಿಲ್ಲ. ಕೇಳಿದ ಮಾತು ಆ ಗಳಿಗೆಗೆ ನಿಲ್ಲುವುದು ನಾಲ್ಕೈದು ತುಣುಕು ಮಾತ್ರ ಎಂದು ತರಬೇತಿಯಲ್ಲಿ ಮೇಷ್ಟರು ಹೇಳಿದ್ದರು. ಮೊದಲನೆಯದನ್ನು ಮನಸ್ಸು ಮೆಲುಕು ಹಾಕಿ ಉಳಿಸಿಕೊಳ್ಳುತ್ತದೆ, ಕೊನೆಯದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುತ್ತದೆ. ಹಿಂದಿನಿಂದ ನೂಕಿಸಿಕೊಂಡು ಜಾರುವುದು ನಡುವಿನದು. ವಕೀಲ ವಿಷವನ್ನು ಇಟ್ಟದ್ದೂ ನಡುವಿನಲ್ಲೇ! ಅವಳಿಗೆ ಅವನ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ.

ಮಂಗಳವಾರ ಅವನು ಮತ್ತೊಂದು ರೈಲು ಬಿಟ್ಟ. ಅವಳು ದಾಟಿಸದೆ ನಿಂತಳು.

"ಸ್ವಾಮಿ, ವಕೀಲರು ಇದೇ ಪ್ರಶ್ನೇನ ಇನ್ನೊಂದ್ಸಲ ಹೇಳ್ಲಿ. ಒಂದಕ್ಷರ ಆಚೀಚೆ ಆಗಬಾರದು."

"ಕಿವುಡೇನಮ್ಮ ನಿಂಗೆ?" ಎಂದ ವಕೀಲ.

"ಹೇಳಿ" ಎಂದರು ನ್ಯಾಯಾಧೀಶರು.

ಅವನು ಧಿಮಾಕಿನಿಂದ ಶುರು ಮಾಡಿ ಮೂರನೆಯ ತುಣುಕಿಗೆ ತಡವರಿಸಿದ. ಶೀಘ್ರಲಿಪಿಯ ಗುಮಾಸ್ತ ಮೊದಲಿನದನ್ನು ಓದಿದಾಗ ಎರಡು ಮಾತು ಅವನಿಂದಲೇ ಬಿಟ್ಟುಹೋಗಿದ್ದವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಕೇಳಿದವರಿಗೇ ನಿಲ್ಲದ್ದು ನನಗೆ ನಿಲ್ಲುತ್ತಾ ಸ್ವಾಮಿ? ನಿನ್ನೆ ನಾನೂ ಒಂದು ಬಿಟ್ಟೆ. ಸೂಪರ್‌ವೈಸರ್ ಬೇಡ ಅಂದ ಅನ್ನೋ ಮಾತು ಈಕೆಗೆ ಮುಟ್ಟಿಲ್ಲ."

ವಕೀಲ ಮೇಜು ಗುದ್ದಿದ. "ಕೇಳಿದ್ರಾ ಸ್ವಾಮಿ! ಇವಳನ್ನ ಮೊದಲು ಆಚೆ ಹಾಕಿ!"

"ಹಾಕೋಣ. ಮೊದಲು ನಿನ್ನೆಯ ಆ ಪ್ರಶ್ನೆ ಮುಗೀಲಿ. ಒಂದೊಂದೇ ತುಣುಕು ಕೇಳಿ" ಎಂದರು ನ್ಯಾಯಾಧೀಶರು.

ಹಲ್ಲು ಕಡಿಯುತ್ತಲೇ ಅವನು ಕೇಳಿದ. ಮೂರನೆಯದಕ್ಕೆ ಕೆಲಸದಾಕೆ ತಲೆ ಕೊಡವಿದಳು. ದುಭಾಷಿ ಅವಳ ಉತ್ತರವನ್ನು ಬಿಡಿಬಿಡಿಯಾಗಿ ಹೇಳಿದಳು: "ಬೇಡ ಅನ್ನಲಿಲ್ಲ. ಮಷೀನ್ ನಿಲ್ಸಿದ್ರೆ ಕೆಲಸದಿಂದ ತೆಗೀತೀನಿ, ಬೇಗ ಎಳಿ ಅಂತ ಕೂಗಿದ."

ನಿನ್ನೆಯ ಹೌದು ಅಳಿಸಿಹೋಯಿತು. ಮಧ್ಯಾಹ್ನಕ್ಕೆ ದುಭಾಷಿಯನ್ನು ಮೊಕದ್ದಮೆಯಿಂದ ತೆಗೆದರು. ವಾರದೊಳಗೆ ಆರು ತಿಂಗಳು ಕೆಲಸವಿಲ್ಲವೆಂಬ ಕಾಗದವೂ ಮನೆಗೆ ಬಂತು. ತೀರ್ಪು ಕೆಲಸದಾಕೆಯ ಕಡೆಗಾಯಿತೆಂದು ಅವಳಿಗೆ ತಿಳಿದದ್ದು ಬಹಳ ದಿನದ ಮೇಲೆ, ಗುಮಾಸ್ತನ ಬಾಯಿಂದ.

ಆ ಮಂಗಳವಾರ ಅವಳು ನ್ಯಾಯಾಲಯದಿಂದ ಹೊರಟಾಗ ಗೇಟಿನ ಬಳಿ ಮಗಳು ನಿಂತಿದ್ದಳು.

"ತಪ್ಪು ಒಪ್ಕೊಂಡ್ರಿ ಅಂತ ಕೈಮುಗೀತೀನಿ ಅಂದ್ಕೋಬೇಡಿ" ಎಂದಳು. "ನಿನ್ನೆ ರಾತ್ರಿಯೆಲ್ಲ ಅಮ್ಮ, ಹೌದು ಅಂದುಬಿಟ್ನಲ್ಲ ಅಂತ ತಲೆ ಚಚ್ಚಿಕೊಂಡ್ಳು."

ದುಭಾಷಿ, ಮಗಳು ದಾರಿ ಬಿಡುವವರೆಗೆ ನಿಂತಿದ್ದು, ಹೋದಳು.