ಅರವತ್ತೈದನೆಯ ಡಬ್ಬಿ

ಅಪ್ಪಯ್ಯಣ್ಣ ಒಂಬತ್ತನೆಯ ಡಬ್ಬಿಯ ಮುಚ್ಚಳ ತೆಗೆದು, ರೀಲಿನಿಂದ ಮೊಳದಷ್ಟು ಫಿಲ್ಮನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದ. ಬಟ್ಟೆಯ ನೂಲೆಣಿಸುವ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡ. ಉಗುರಿಗಿಂತ ಸಣ್ಣ ಚೌಕಗಳಲ್ಲಿ ಯಾರದೋ ಮಗು ತೊಟ್ಟಿಲಲ್ಲಿ ಕಾಲೆತ್ತಿಕೊಂಡು ಮಲಗಿತ್ತು. ನಾಮಕರಣದ್ದು. ಇದಲ್ಲ. ಸುತ್ತಿಟ್ಟು ಹತ್ತನೆಯದಕ್ಕೆ ಕೈ ಹಾಕಿದ.

ಗೋಡೆಯಾಚೆ ನಡುಮನೆಯಲ್ಲಿ ಅವನ ಹೆಂಡತಿ ಸೊಣ್ಣಮ್ಮನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಬೆಳಗಿನ ಜಾವ ನೀರು ಕುಡಿಯಲೆಂದು ಎದ್ದವಳು ಲೋಟವನ್ನು ಕೆಳಗಿಟ್ಟು, ಗೋಡೆಗೊರಗಿ ಕೂತು, ಹಾಗೇ ಹೋಗಿಬಿಟ್ಟಿದ್ದಳು. ಯಾರಿಗೂ ಒಂದು ಮಾತು ಹೇಳಲಿಲ್ಲ. ಬದುಕಿದ್ದಾಗಲೂ ಅವಳು ಹಾಗೇ ಬಿಡಿ, ತನ್ನ ವಿಷಯಕ್ಕೆ ಯಾರನ್ನೂ ಎಬ್ಬಿಸಿದವಳಲ್ಲ.

ಮಗ ಜಯಕುಮಾರ ಬಾಗಿಲಲ್ಲಿ ಬಂದು ನಿಂತ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಿಂದ ರಾತ್ರಿ ಪಾಳಿ ಅರ್ಧಕ್ಕೇ ಬಿಟ್ಟು ಬಂದವನು, ಇನ್ನೂ ಅದೇ ನೀಲಿ ಅಂಗಿಯಲ್ಲಿದ್ದ.

"ಅಪ್ಪಾ, ಫ್ಲೆಕ್ಸ್ ಅಂಗಡಿ ಮಂಜೇಶ ಫೋನ್ ಮೇಲೆ ಫೋನ್ ಮಾಡ್ತಾವ್ನೆ. ಅಮ್ಮನ ಫೋಟೋ ಬೇಕಂತೆ. ಆಧಾರ್‌ದು ಕಳಿಸ್ಬಿಡ್ಲಾ?"

"ಬ್ಯಾಡ. ಅದ್ರಲ್ಲಿ ನಿಮ್ಮಮ್ಮ ಕಳ್ಳತನ ಮಾಡಿ ಸಿಕ್ಕಾಕ್ಕೊಂಡೋರ ಥರ ಕಾಣ್ತಾಳೆ."

"ಬೇರೆ ಎಲ್ಲೈತಪ್ಪಾ? ನನ್ ಫೋನಲ್ಲಿ ಇರೋದ್ರಲ್ಲೆಲ್ಲ ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡವ್ಳೆ."

"ನಿಮ್ಮ ಮಾವನ ಮದ್ವೆ ರೀಲು ಸಿಗ್ಲಿ ಇರು. ಅದ್ರಲ್ಲಿ ಅವಳು ಇರ್ಲೇಬೇಕು. ಅವಳ ಮುಖ ಸಿಗೋಗಂಟ ನಾನು ಎತ್ತಕ್ಕೆ ಬಿಡಾಕಿಲ್ಲ."

ಜಯಕುಮಾರ ಅಪ್ಪನನ್ನೂ ಅಲಮಾರಿನಲ್ಲಿ ಸಾಲಾಗಿ ನಿಂತ ಡಬ್ಬಿಗಳನ್ನೂ ನೋಡಿದ. ಒಟ್ಟು ಅರವತ್ನಾಲ್ಕು. ಎಲ್ಲ ಒಂದೇ ಅಳತೆಯವು, ಕಂದು ರಟ್ಟಿನವು. ಒಂದರ ಮೇಲೂ ಒಂದಕ್ಷರ ಬರೆದಿರಲಿಲ್ಲ. ಅಕ್ಷರ ಇರಬೇಕಾದ ಕಡೆ ಉಗುರಗಲದ ಬಟ್ಟೆಯ ಚೂರೊಂದು ಅಂಟಿಕೊಂಡಿತ್ತು, ಅಷ್ಟೇ. ಯಾವ ಚೂರು ಯಾವ ಮನೆಯ ಯಾವ ಸಮಾರಂಭ ಎಂದು ತಿಳಿದಿದ್ದವಳು ಈಗ ನಡುಮನೆಯಲ್ಲಿ ಮಲಗಿದ್ದಳು.

* * *

ಅಪ್ಪಯ್ಯಣ್ಣ ದೊಡ್ಡಬಳ್ಳಾಪುರದ ಪವರ್‌ಲೂಮುಗಳ ಮೆಕ್ಯಾನಿಕ್ಕು. ಮದುವೆಯಾದ ಹೊಸದರಲ್ಲಿ, ಬಿಡಿಭಾಗ ತರಲೆಂದು ಬೆಂಗಳೂರಿಗೆ ಹೋದವನು ಹಳೇ ಸಾಮಾನಿನ ಸಂತೆಯಿಂದ ಕೈಲಿ ಹಿಡಿಯುವ ಒಂದು ಸಿನಿಮಾ ಕ್ಯಾಮೆರಾ ತಂದುಬಿಟ್ಟ. ಊರೇ ನಕ್ಕಿತು. ಆಮೇಲೆ ಅದೇ ಊರು ಮದುವೆ ಮುಂಜಿಗೆ ಅವನನ್ನು ಕರೆಯದೆ ಇರಲಿಲ್ಲ. ಒಂದು ರೀಲು ಮೂರು ನಿಮಿಷ. ಬೊಂಬಾಯಿಗೆ ಹೋಗಿ ತೊಳೆದು ಬರುವಷ್ಟರಲ್ಲಿ ತಿಂಗಳು. ಬಂದ ದಿನ ಗೋಡೆಗೆ ಪಂಚೆ ಕಟ್ಟಿ ತೋರಿಸಿದರೆ ಬೀದಿಯೆಲ್ಲ ಅವನ ಮನೆಯೊಳಗೆ.

ರೀಲುಗಳನ್ನು ಇಡುವುದೇ ದೊಡ್ಡ ತಲೆನೋವಾಯಿತು. ಮೊದಲು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿದ, ತುಕ್ಕು ಹಿಡಿಯಿತು. ಬಡಗಿಗೆ ಹೇಳಿ ತೇಗದ ಪೆಟ್ಟಿಗೆ ಮಾಡಿಸಿದ. ನೋಡಲೇನೋ ಅರಮನೆಯ ಸಾಮಾನಿನ ಹಾಗಿತ್ತು, ಮಳೆಗಾಲಕ್ಕೆ ಮುಚ್ಚಳ ಉಬ್ಬಿ ತೆಗೆಯಲು ಸುತ್ತಿಗೆ ಬೇಕಾಯಿತು. ಪ್ಲಾಸ್ಟಿಕ್ ಡಬ್ಬಿ ತಂದು, ರೇಷ್ಮೆ ಸೀರೆಗೆ ಹಾಕುವಂತೆ ನುಸಿಗುಳಿಗೆಯನ್ನೂ ಹಾಕಿ, ಗಾಳಿಯಾಡದಂತೆ ಬಿಗಿದಿಟ್ಟ. ವರ್ಷ ಬಿಟ್ಟು ತೆಗೆದರೆ ಒಳಗಿಂದ ಹುಳಿ ವಾಸನೆ ಗಪ್ಪನೆ ಹೊಡೆಯಿತು.

"ಅಯ್ಯೋ, ಉಪ್ಪಿನಕಾಯಿ ಹಾಕ್ಬಿಟ್ರಲ್ರೀ!" ಎಂದಳು ಸೊಣ್ಣಮ್ಮ.

ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅವಳು ತನ್ನ ರಟ್ಟು, ಕತ್ತರಿ ಎಳೆದುಕೊಂಡಳು. ಅವಳ ಕಸುಬೇ ಅದು. ಅಂಗಡಿಗಳಿಗೆ ಸೀರೆಯ ಡಬ್ಬಿ ಮಾಡಿಕೊಡುತ್ತಿದ್ದಳು. ರೀಲಿನ ಅಳತೆಗೆ ರಟ್ಟು ಮಡಿಚಿದಳು. ಹುಳ ಮುಟ್ಟದಿರಲೆಂದು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದಳು. ಕೊನೆಗೆ ದಬ್ಬಳ ತಗೊಂಡು ಪಕ್ಕದಲ್ಲಿ ಎರಡು ತೂತು ಚುಚ್ಚಿದಳು.

"ತೂತು ಯಾಕೆ?"

"ಉಸಿರಾಡ್ಬೇಡ್ವಾ ಅವು?"

ಆಮೇಲೆ ಒಂದು ರೀಲೂ ಹುಳಿಯಲಿಲ್ಲ. ಹೆಸರು ಬರೆಯೋಣವೆಂದು ಅವನು ಪೆನ್ನು ಹಿಡಿದು ಬಂದರೆ, ಅವಳಿಗೆ ಓದು ಬರುತ್ತಿರಲಿಲ್ಲ. ಅಷ್ಟರಲ್ಲಿ ಬಟ್ಟೆಯ ಚೂರೊಂದನ್ನು ಅಂಟಿಸಿ ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದಳು.

"ನಂಗೆ ಗುರ್ತು ಸಿಗ್ತದೆ ಬಿಡಿ. ನೀವೂ ಒಂದು ಅಂಟ್ಸಿ ನೋಡಣ. ನೂರು ಎಣಿಸೋಗಂಟ ಬೆರಳು ತೆಗೀಬಾರ್ದು. ನಡುವೆ ಬಿಟ್ರೆ ಎದ್ದೋಗ್ತದೆ."

ಅವನು ಇಪ್ಪತ್ತು ಎಣಿಸುವುದರೊಳಗೆ ಯಾರೋ ಮಗ್ಗ ನಿಂತಿತೆಂದು ಕರೆದರು, ಎದ್ದು ಹೋದ. ಚೂರು ಎದ್ದುಹೋಯಿತು. ಅವಳು ನಕ್ಕು, ತಾನೇ ಮತ್ತೆ ಅಂಟಿಸಿದಳು. ಮಗ್ಗದ ಮನೆಯಲ್ಲಿ ಉಳಿದ ಚಿಂದಿ ಇರಬೇಕೆಂದುಕೊಂಡು ಅವನು ಆ ಚೂರುಗಳ ವಿಷಯವನ್ನು ಆಮೇಲೆ ಕೇಳಲೇ ಇಲ್ಲ.

* * *

ಹನ್ನೆರಡರ ಹೊತ್ತಿಗೆ ಹೊಸಕೋಟೆಯಿಂದ ಸೊಣ್ಣಮ್ಮನ ತಮ್ಮ ಮುನಿಶಾಮಪ್ಪ ಬಂದ. ಕೈಯಲ್ಲಿ ತವರಿನ ಸೀರೆ, ಅರಿಸಿನ ಕುಂಕುಮ, ಹಸಿರು ಬಳೆ. ಮುತ್ತೈದೆಯಾಗಿ ಹೋದವಳಿಗೆ ತವರಿನ ಸೀರೆ ಉಡಿಸದೆ ಎತ್ತುವ ಹಾಗಿಲ್ಲ. ಅಕ್ಕನ ಕಾಲ ಬಳಿ ಕೂತು ಗಂಡಸೆಂಬುದನ್ನೂ ಮರೆತು ಅತ್ತ. ಕೊನೆಗೆ ಮೂಗೊರೆಸಿಕೊಂಡು ಒಳಮನೆಗೆ ಬಂದ.

"ಭಾವ, ಮೂರು ಗಂಟೆಗೆ ರಾಹುಕಾಲ. ಅದ್ರೊಳಗೆ ಎತ್ಬೇಕು. ನೀವಿಲ್ಲಿ ರೀಲು ಹರಡ್ಕೊಂಡು ಕೂತಿದ್ರೆ ಜನ ಏನಂದಾರು?"

"ಅನ್ಲಿ. ನಿನ್ ಮದ್ವೆದು ಹುಡುಕ್ತಿದ್ದೀನಿ ಕಣಪ್ಪ."

ಅಷ್ಟರಲ್ಲಿ ಸೊಸೆ ಪ್ರಮೋದಾ ಎರಡು ಕೈತುಂಬ ಸೀರೆ ಹೊತ್ತು ಒಳಗೆ ಬಂದಳು. ಅತ್ತೆಯ ಕೆಳಗೆ ಹಾಸಲು ಒಂದು ಹಳೆಯ ಸೀರೆ ಬೇಕೆಂದು ಪಕ್ಕದ ಮನೆ ಲಕ್ಷ್ಮೀದೇವಮ್ಮ ಕೇಳಿದ್ದಕ್ಕೆ ಟ್ರಂಕು ತೆಗೆದಿದ್ದಳು.

"ಮಾವ, ಇದೇನಿದು? ಅತ್ತೆ ಸೀರೆಗಳಿಗೆಲ್ಲ ಸೊಂಟಕ್ಕೆ ಸಿಗಿಸೋ ತುದೀಲಿ ಒಂದೊಂದು ಚೂರು ಕತ್ತರಿಸವ್ರೆ. ಒಂದು, ಎರಡು ಕಡೆ ಅಲ್ಲ. ಈ ಸೀರೆಗೆ ನೋಡಿ, ಆರು ಕಡೆ."

ಅಪ್ಪಯ್ಯಣ್ಣ ಭೂತಗನ್ನಡಿ ಕೆಳಗಿಟ್ಟ. ಸೀರೆಯ ತುದಿಯನ್ನು ಕೈಗೆ ತೆಗೆದುಕೊಂಡ. ಉಗುರಗಲದ ಚೌಕ ಕಿಂಡಿಗಳು. ನೆರಿಗೆಯೊಳಗೆ ಮುಚ್ಚಿಹೋಗುವ ಜಾಗ, ಉಟ್ಟವಳಿಗೆ ಬಿಟ್ಟರೆ ಇನ್ನೊಬ್ಬರಿಗೆ ಕಾಣದು. ಹತ್ತಿರದಲ್ಲಿದ್ದ ಒಂದು ಡಬ್ಬಿ ಎತ್ತಿ ಪಕ್ಕಕ್ಕೆ ಹಿಡಿದ. ಅದೇ ಬಣ್ಣ, ಅದೇ ನೂಲು. ನಲವತ್ತು ವರ್ಷ ಮಗ್ಗದ ಸದ್ದಿನಲ್ಲಿ ಬಾಳಿದವನಿಗೆ ನೇಯ್ಗೆಯ ಗುರುತು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಚಿಂದಿ ಅಂದ್ಕೊಂಡಿದ್ನಲ್ಲೋ," ಎಂದ. "ಆವತ್ತಾವತ್ತು ತಾನು ಉಟ್ಟಿದ್ದ ಸೀರೇದು."

ಪ್ರಮೋದಾ ಸೀರೆಗಳನ್ನು ಎದೆಗೊತ್ತಿಕೊಂಡು ನಿಂತಲ್ಲೇ ಅತ್ತಳು.

"ನನ್ ಮದ್ವೇಲಿ ಅಕ್ಕ ಈರುಳ್ಳಿ ಸಿಪ್ಪೆ ಬಣ್ಣದ್ದು ಉಟ್ಟಿದ್ಲು," ಎಂದ ಮುನಿಶಾಮಪ್ಪ ನಿಧಾನವಾಗಿ. "ಹಸಿರು ಅಂಚು. ನಮ್ಮಪ್ಪ ತಂದುಕೊಟ್ಟಿದ್ದು."

ಡಬ್ಬಿ ಒಂದೇ ನಿಮಿಷಕ್ಕೆ ಸಿಕ್ಕಿತು.

* * *

ಆ ಮದುವೆಯ ದಿನ ಧಾರೆ ಮುಗಿದು ಊಟದ ಗದ್ದಲ. ಸೊಣ್ಣಮ್ಮ ಅಡುಗೆಮನೆಯಿಂದ ಬೆವರೊರೆಸಿಕೊಳ್ಳುತ್ತ ಬಂದು ಅವನ ಮುಂದೆ ನಿಂತಳು. ತಲೆ ತುಂಬ ಕನಕಾಂಬರ.

"ರೀ, ನನ್ನೂ ಒಂದ್ಸಲ ತೆಗೀರಿ. ಅಪ್ಪ ಕೊಟ್ಟಿರೋ ಸೀರೆ."

"ರೀಲು ಮುಗ್ದೋಯ್ತಲ್ಲೇ," ಎಂದಿದ್ದ.

ಮುಗಿದಿರಲಿಲ್ಲ. ಹೂವಿನಿಂದ ಸಿಂಗರಿಸಿದ ಕಾರು ಹೊರಡುವುದನ್ನು ತೆಗೆಯಲೆಂದು ಅರ್ಧ ನಿಮಿಷ ಉಳಿಸಿಕೊಂಡಿದ್ದ. ಅವಳು "ಹೋಗ್ಲಿ ಬಿಡಿ" ಎಂದು ಸೆರಗು ಸಿಕ್ಕಿಸಿ ಮತ್ತೆ ಅಡುಗೆಮನೆಗೆ ಹೋದಳು. ತಿಂಗಳ ಮೇಲೆ ಗೋಡೆಯ ಪಂಚೆಯ ಮೇಲೆ ಕಾರು ಹೊರಟಾಗ ಅವಳೂ ಎಲ್ಲರೊಡನೆ ಕೂತು ನೋಡಿದ್ದಳು. ರೀಲು ಮುಗಿದಿರಲಿಲ್ಲವೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಮಾತು ಕೇಳಲಿಲ್ಲ. ಮಾರನೆಯ ದಿನ ಡಬ್ಬಿ ಮಾಡಿಕೊಟ್ಟಳು.

* * *

ಕಿಟಕಿಯ ಬಳಿ ನಿಂತು ಅಪ್ಪಯ್ಯಣ್ಣ ಇಡೀ ರೀಲನ್ನು ಕೈಯಿಂದ ಕೈಗೆ ಜಾರಿಸುತ್ತ ನೋಡಿದ. ಹೋಗುವಾಗ ಬರುವಾಗ ಎಲ್ಲಾದರೂ ಅಡ್ಡ ಬಂದಿರಬೇಕು, ಪಂಕ್ತಿಯಲ್ಲಿ ಬಡಿಸುವಾಗ ಸಿಕ್ಕಿರಬೇಕು ಎಂದು ಅವನ ಆಸೆ. ವಾಲಗದವರು ಬಂದರು. ಬಾಸಿಂಗ ಕಟ್ಟಿದ ಮುನಿಶಾಮಪ್ಪ ಬಂದ. ಮಾವ, ಅತ್ತೆ, ಊರ ಹಿರಿಯರು. ಒಂದು ಕಡೆ ಸಾಂಬಾರಿನ ಬಕೆಟ್ಟು ಹಿಡಿದ ಬಳೆಯ ಕೈಯೊಂದು ಬಂತು, ಮುಂದಿನ ಚೌಕದಲ್ಲಿ ಇನ್ನಾರದೋ ಮುಖ. ಕೊನೆಗೆ ಕಾರು. ಆಮೇಲೆ ಬರೀ ಬಿಳಿ ಫಿಲ್ಮು.

"ಇಲ್ಲ," ಎಂದ. "ಅರವತ್ನಾಲ್ಕು ರೀಲು ತೆಗ್ದೆ ಕಣೋ ಮುನಿಶಾಮಿ, ಊರೋರ್ನೆಲ್ಲ ತೆಗ್ದೆ. ಒಂದರಲ್ಲೂ ಅವಳನ್ನ ತೆಗೀಲಿಲ್ಲ. ನಾನು ಸುಳ್ಳು ಹೇಳಿ ಕಳಿಸ್ದೆ ಆವತ್ತು."

ಎಪ್ಪತ್ತೆಂಟರ ಮುದುಕ ಗೋಡೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಬೆಳಗಿನಿಂದ ಒಂದು ಹನಿ ಕಣ್ಣೀರು ಬಂದಿರಲಿಲ್ಲ ಅವನಿಗೆ.

"ಭಾವ, ಸಾಕು ಬನ್ನಿ. ಆಧಾರ್ ಫೋಟೋನೇ ಹಾಕ್ಲಿ. ನಮ್ಮಕ್ಕನ್ನ ನೋಡಿರೋರಿಗೆ ಗೊತ್ತಾಗಲ್ವಾ?"

ಮುನಿಶಾಮಪ್ಪ ತಂದಿದ್ದ ಸೀರೆಯನ್ನು ಲಕ್ಷ್ಮೀದೇವಮ್ಮ ಬಾಗಿಲಲ್ಲೇ ಕವರಿನಿಂದ ತೆಗೆಯುತ್ತಿದ್ದಳು. ನೇರಳೆ ಬಣ್ಣ, ಅರಿಸಿನದ ಅಂಚು. ಅಪ್ಪಯ್ಯಣ್ಣ ಕಣ್ಣೊರೆಸಿಕೊಂಡು ನೋಡಿದ.

"ಪ್ರಮೋದಾ, ನಿಮ್ಮತ್ತೆ ಕತ್ತರಿ ಎಲ್ಲೈತವ್ವಾ?"

ಅವಳು ತಂದುಕೊಟ್ಟಳು. ಲಕ್ಷ್ಮೀದೇವಮ್ಮ ಸೀರೆಯನ್ನು ಹಿಂದಕ್ಕೆಳೆದುಕೊಂಡಳು. "ಅಯ್ಯಯ್ಯೋ, ಏನಣ್ಣಾ ಇದು? ಸತ್ತೋರಿಗೆ ಉಡ್ಸೋ ಸೀರೆಗೆ ಕತ್ತರಿ ಹಾಕ್ತಾರಾ? ಹರ್ಕು ಉಡ್ಸಿ ಕಳಿಸ್ದಂಗೆ ಆಗ್ತದೆ. ತವರಿನದು ಬೇರೆ!"

"ಹರ್ಕಲ್ಲ ಕಣಮ್ಮ," ಎಂದ ಅಪ್ಪಯ್ಯಣ್ಣ. ಬಾಮೈದನ ಮುಖ ನೋಡಿದ. ತವರಿನ ಸೀರೆಯ ಮಾತು ತವರಿನವನದೇ ತಾನೇ.

ಮುನಿಶಾಮಪ್ಪ ಸೀರೆ ಇಸಿದುಕೊಂಡು, ಮಡಿಕೆ ಬಿಡಿಸಿ, ಸೊಂಟಕ್ಕೆ ಸಿಗಿಸುವ ತುದಿಯನ್ನು ಹುಡುಕಿ ತಾನೇ ಬಿಗಿಯಾಗಿ ಹಿಡಿದ. "ಹಾಕಿ ಭಾವ. ಒಳಕ್ಕೆ ಹೋಗೋ ಕಡೆ. ಅಕ್ಕ ಹಾಕ್ತಿದ್ದದ್ದೂ ಅಲ್ಲೇ ಅಲ್ವಾ?"

ಹೆಂಗಸರು ಸೊಣ್ಣಮ್ಮನನ್ನು ಮೀಯಿಸಿ ಸೀರೆ ಉಡಿಸುವಷ್ಟರಲ್ಲಿ ಅಪ್ಪಯ್ಯಣ್ಣ ಮೂಲೆಯಲ್ಲಿದ್ದ ಅರವತ್ತೈದನೆಯ ಡಬ್ಬಿಯನ್ನು ತಂದ. ನಿನ್ನೆ ಸಂಜೆಯಷ್ಟೇ ಅವಳು ಮಾಡಿಟ್ಟದ್ದು. "ರೀಲೇ ಇಲ್ಲ, ಇದ್ಯಾಕೆ?" ಎಂದು ಕೇಳಿದ್ದಕ್ಕೆ "ರಟ್ಟು ಉಳೀತು, ಇರ್ಲಿ ಬಿಡಿ" ಎಂದಿದ್ದಳು. ಅಂಟಿನ ಬಟ್ಟಲೂ ಪಕ್ಕದಲ್ಲೇ ಇತ್ತು. ಮೇಲೆ ಕೆನೆ ಕಟ್ಟಿತ್ತು. ಬೆರಳಿಂದ ಒಡೆದರೆ ಕೆಳಗಿನ್ನೂ ಹಸಿಯಿತ್ತು. ನೇರಳೆ ಚೂರಿಗೆ ಸವರಿ ಡಬ್ಬಿಗೆ ಅಂಟಿಸಿದ, ಹೆಬ್ಬೆರಳಿಟ್ಟು ಒತ್ತಿದ.

ಹೊರಗೆ ತಮಟೆ ಶುರುವಾಯಿತು. ಚಟ್ಟ ಅಂಗಳಕ್ಕೆ ಬಂತು.

"ಅಪ್ಪಾ, ಎತ್ತೋ ಹೊತ್ತಾಯ್ತು. ಬಾ," ಎಂದ ಜಯಕುಮಾರ.

ಅಪ್ಪಯ್ಯಣ್ಣ ತಲೆಯೆತ್ತಲಿಲ್ಲ. ಅವನ ತುಟಿ ಅಲ್ಲಾಡುತ್ತಿತ್ತು. "ಮೂವತ್ತು... ಮೂವತ್ತೊಂದು..."

"ಅಪ್ಪಾ, ರಾಹುಕಾಲ—"

ಮುನಿಶಾಮಪ್ಪ ಅಳಿಯನ ತೋಳು ಹಿಡಿದು ತಡೆದ. ಬಾಗಿಲಿಗೆ ಹೋಗಿ ತಮಟೆಯವರಿಗೆ ನಿಲ್ಲಿಸಿ ಎಂದು ಕೈಸನ್ನೆ ಮಾಡಿದ. ಅಂಗಳ ಸದ್ದಡಗಿತು. ಎತ್ತಲು ಬಗ್ಗಿದ್ದವರು ನೆಟ್ಟಗೆ ನಿಂತರು. ನಡುಮನೆಯಲ್ಲಿ ಸೊಣ್ಣಮ್ಮ ನೇರಳೆ ಸೀರೆಯುಟ್ಟು, ತಲೆ ತುಂಬ ಹೂ ಮುಡಿದು ಕಾಯುತ್ತಿದ್ದಳು.

"ಮೂವತ್ತೆರಡು," ಎಂದ ಅಪ್ಪಯ್ಯಣ್ಣ, ಬೆರಳು ತೆಗೆಯದೆ. "ಮೂವತ್ತಮೂರು..."